ಸೇರಿನ ತೂಕ

ಅಮ್ಮ ತೀರಿಕೊಂಡ ಮರುವರ್ಷ ಊರಿನ ಮನೆಯನ್ನು ಖಾಲಿ ಮಾಡಿದೆವು. ಅಟ್ಟದಿಂದ ಇಳಿಸಿದ ಸಾಮಾನುಗಳನ್ನು ನಡುಮನೆಯಲ್ಲಿ ಎರಡು ಸಾಲಾಗಿ ಇಟ್ಟೆವು, ಒಯ್ಯುವುದು ಒಂದು ಕಡೆ, ಬಿಡುವುದು ಇನ್ನೊಂದು ಕಡೆ. ಬೆಳಿಗ್ಗೆ ಒಯ್ಯುವ ಸಾಲೇ ಉದ್ದವಾಗಿತ್ತು. ಸಂಜೆಯ ಹೊತ್ತಿಗೆ ಬಿಡುವ ಸಾಲು ಹೊಸಿಲು ದಾಟಿ ಜಗಲಿಗೆ ಬಂದಿತ್ತು. ಹಿತ್ತಾಳೆಯ ಸೇರು ಯಾವ ಗಳಿಗೆಯಲ್ಲಿ ಒಂದು ಸಾಲು ಬಿಟ್ಟು ಇನ್ನೊಂದನ್ನು ಸೇರಿತೋ ನಾನು ನೋಡಲಿಲ್ಲ. ನೋಡಿದ್ದರೂ ತಡೆಯುತ್ತಿದ್ದೆ ಎಂದು ಹೇಳಲಾರೆ. ನಗರದ ಮನೆಗೆ ಅಕ್ಕಿ ಬರುವುದೇ ತೂಕವನ್ನು ಮೈಮೇಲೆ ಅಚ್ಚು ಹಾಕಿಸಿಕೊಂಡು. ಅಲ್ಲಿ ಅಳೆಯುವವರೂ ಇಲ್ಲ, ಅಳೆಸಿಕೊಳ್ಳುವವರೂ ಇಲ್ಲ.

ಗುಜರಿಯವನು ಕೊಕ್ಕೆಯ ತಕ್ಕಡಿ ತಂದಿದ್ದ. ಹಳೆಯ ತಪ್ಪಲೆ, ಕಿವಿ ಹರಿದ ಕೊಳಗ, ಬುಡ ಸವೆದ ಚೊಂಬು ಎಲ್ಲವನ್ನೂ ಒಂದು ಗೋಣಿಗೆ ತುಂಬಿ ಕೊಕ್ಕೆಗೆ ಸಿಕ್ಕಿಸಿದ. ಸೇರಿನ ಬಾಯಿಯ ಕೆಳಗೆ ಅಜ್ಜನ ಹೆಸರಿನ ಮೊದಲಕ್ಷರಗಳನ್ನು ಚುಕ್ಕೆ ಚುಕ್ಕೆಯಾಗಿ ಕೊರೆದಿತ್ತು. ಅದರ ಪಕ್ಕದಲ್ಲಿ, ಅಳತೆ ಸರಿಯಿದೆಯೆಂದು ಸರ್ಕಾರದವರು ಒತ್ತಿದ ಮುದ್ರೆ ಸವೆದು ನುಣುಪಾಗಿತ್ತು. ಹೆಸರಿಗೂ ತೂಕವಿಲ್ಲ, ಮುದ್ರೆಗೂ ತೂಕವಿಲ್ಲ; ತೂಕವಿದ್ದದ್ದು ಹಿತ್ತಾಳೆಗೆ ಮಾತ್ರ. ಬಾಳಿನುದ್ದಕ್ಕೂ ಊರಿನ ರಾಗಿ ಅಕ್ಕಿಗಳನ್ನು ಅಳೆದ ಆ ಸೇರನ್ನು ಯಾರಾದರೂ ತೂಗಿದ್ದು ಅದೇ ಮೊದಲು, ಅದೇ ಕೊನೆ.

ಆ ಸೇರು ಏನೇನು ಮಾಡಿತ್ತು ಎಂದು ಆಮೇಲೆ ನೆನೆಯುತ್ತ ಹೋದೆ. ಸುಗ್ಗಿಯ ಕಣದಲ್ಲಿ ರಾಶಿಗೆ ಪೂಜೆ ಮಾಡಿ ಅಳೆಯಲು ಕೂತಾಗ ಮೊದಲ ಅಳತೆಯನ್ನು ಯಾರೂ ಒಂದು ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದರು. ಲಾಭ, ಎರಡು, ಮೂರು. ಎಣಿಕೆ ಶುರುವಾಗುವುದೇ ಹಾರೈಕೆಯಿಂದ. ಒಂದು ಎಂದುಬಿಟ್ಟರೆ ರಾಶಿಗೆ ಒಂಟಿತನ ತಗಲೀತು ಎಂಬ ಅಂಜಿಕೆ ಇತ್ತೋ ಏನೋ. ಬರಗಾಲದ ವರ್ಷವೂ ಮೊದಲ ಸೇರು ಲಾಭವೇ, ಎರಡನೆಯದಕ್ಕೆ ಕಾಳು ಸಾಲದೆ ಹೋದಾಗಲೂ ಅದು ಲಾಭವೇ. ಮನೆಗೆ ಸೊಸೆ ಬರುವ ದಿನ ಹೊಸಿಲ ಮೇಲೆ ಕೂತಿರುತ್ತಿದ್ದುದೂ ಅದೇ ಸೇರು. ತುಂಬ ಅಕ್ಕಿ, ಮೇಲೊಂದು ಬೆಲ್ಲದ ಅಚ್ಚು. ಅವಳು ಬಲಗಾಲಿನಿಂದ ಮೆಲ್ಲಗೆ ತಳ್ಳಿದರೆ ಅಕ್ಕಿ ಒಳಮುಖವಾಗಿ ಹರಡಬೇಕು. ಅಜ್ಜಿ ಅದನ್ನು ತಳ್ಳಿ ಒಳಗೆ ಬಂದವಳು, ಅಮ್ಮನೂ ಅದನ್ನು ತಳ್ಳಿಯೇ ಬಂದವಳು. ಇಬ್ಬರೂ ಅದೇ ಹೊಸಿಲಿನಿಂದ ಹೊರಗೆ ಹೋದರು. ಹೋಗುವಾಗ ಅಲ್ಲಿ ಸೇರು ಇರಲಿಲ್ಲ. ಹೋಗುವವರಿಗೆ ಅಳತೆ ಇಡುವ ವಾಡಿಕೆ ನಮ್ಮಲ್ಲಿಲ್ಲ.

ಸೇರು ಸತ್ತದ್ದು ಅಂದು ಜಗಲಿಯಲ್ಲಲ್ಲ. ಅದಕ್ಕೂ ಬಹಳ ಮುಂಚೆ, 1956ರ ಅಳತೆ ತೂಕಗಳ ಕಾಯಿದೆ ಬಂದು, ಆಮೇಲಿನ ಕೆಲವು ವರ್ಷಗಳಲ್ಲಿ ಕಿಲೋಗ್ರಾಂ ಲೀಟರುಗಳು ಸಂತೆಯವರೆಗೂ ಇಳಿದಾಗಲೇ ಅದರ ಅಧಿಕಾರ ಹೋಗಿತ್ತು. ಅದು ಸರಿಯಾದ ಕಾಯಿದೆ ಎಂದೇ ನಾನು ತಿಳಿದಿದ್ದೇನೆ. ಊರಿಗೊಂದು ಸೇರು, ಸೀಮೆಗೊಂದು ಕೊಳಗ ಇದ್ದ ಕಾಲದಲ್ಲಿ ಮೋಸ ಹೋಗುತ್ತಿದ್ದವನು ಬಡವನೇ. ಕೊಡುವಾಗ ಒಂದು ಸೇರು, ಕೊಳ್ಳುವಾಗ ಇನ್ನೊಂದು ಸೇರು ಇಟ್ಟುಕೊಂಡ ಸಾಹುಕಾರರ ಕತೆಗಳು ಎಲ್ಲ ಊರಿನಲ್ಲೂ ಇವೆ. ಆದ್ದರಿಂದ ಹೋದದ್ದೆಲ್ಲ ಚೆನ್ನಾಗಿತ್ತೆಂದು ಅಳುವುದು ನನ್ನಿಂದಾಗದು. ಆದರೂ ಪಾವು, ಚಟಾಕು, ಕೊಳಗ, ಖಂಡುಗ ಎಂಬ ಮಾತುಗಳು ನಾಲಗೆಯಿಂದ ಜಾರಿದಾಗ ಅವುಗಳ ಜೊತೆಗೆ ಒಂದು ಕೈಯಳತೆಯ ಲೋಕವೂ ಜಾರಿತು ಎನ್ನುವುದು ಸುಳ್ಳಲ್ಲ. ನ್ಯಾಯವಾಗಿಯೇ ಕಳೆದುಕೊಂಡದ್ದೂ ನಷ್ಟವೇ. ಅದಕ್ಕೂ ಒಂದಷ್ಟು ಮೌನ ಸಲ್ಲಬೇಕು.

ಸೇರು ಗುಜರಿಗೆ ಹೋದ ಕೆಲವು ವರ್ಷಗಳ ಮೇಲೆ, ಪುರಾತನ ವಸ್ತುಗಳ ಹರಾಜಿನ ಪಟ್ಟಿಯೊಂದು ಗೆಳೆಯರೊಬ್ಬರ ಮೇಜಿನ ಮೇಲೆ ಸಿಕ್ಕಿತು. ಹಾಳೆ ತಿರುವುತ್ತ ಹೋದಂತೆ ತಂಜಾವೂರಿನ ಗಾಜಿನ ಚಿತ್ರ, ಬೀದರಿನ ಹುಕ್ಕದ ಬುಡ, ಕಂಠೀರವಿ ಹಣ, ಅದರ ಮುಂದಿನ ಪುಟದಲ್ಲಿ ಒಂದು ಹಿತ್ತಾಳೆಯ ಸೇರು. ಕಪ್ಪು ಬಟ್ಟೆಯ ಮೇಲೆ ಒಂಟಿಯಾಗಿ, ಪಕ್ಕದಿಂದ ಬೆಳಕು ಬಿಟ್ಟು ತೆಗೆದ ಚಿತ್ರ. ಬಾಯಿಯ ಕೆಳಗೆ ಚುಕ್ಕೆಯಲ್ಲಿ ಕೊರೆದ ಅಕ್ಷರಗಳು ಬೇರೆ ಯಾರದೋ. ಆರಂಭದ ಬೆಲೆಯೇ ಗುಜರಿಯವನು ನಮ್ಮ ಇಡೀ ಗೋಣಿಗೆ ಕೊಟ್ಟದ್ದಕ್ಕಿಂತ ಹೆಚ್ಚಿತ್ತು. ಕಳೆದ ದುಡ್ಡಿನ ಬೇಸರ ನನಗೆ ಆಗಲಿಲ್ಲ. ಬೇರೆಯದೇ ಒಂದು ತಳಮಳ. ಒಂದೇ ವಸ್ತು ನಿನ್ನೆ ಕಸ, ಇವತ್ತು ನಿಧಿ. ನಡುವೆ ಬದಲಾದದ್ದು ಏನು? ಹಿತ್ತಾಳೆ ಬದಲಾಗಲಿಲ್ಲ, ಅಳತೆಯೂ ಬದಲಾಗಲಿಲ್ಲ. ಬದಲಾದದ್ದು ಅದರ ಒಡಹುಟ್ಟುಗಳ ಸಂಖ್ಯೆ ಮಾತ್ರ. ಹತ್ತು ಮನೆಯವರು ಎಸೆದದ್ದರಿಂದ ಹನ್ನೊಂದನೆಯ ಮನೆಯದಕ್ಕೆ ಬೆಲೆ ಬಂತು. ಹಾಗಾದರೆ ಆ ಪುಟದಲ್ಲಿ ಅಚ್ಚಾಗಿದ್ದ ಬೆಲೆಯೊಳಗೆ ನಮ್ಮ ಸೇರಿನ ಸಾವೂ ಸೇರಿತ್ತಲ್ಲವೆ?

ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯಿದೆ ವಸ್ತುವಿನ ಮುಪ್ಪಿಗೆ ಒಂದು ವಯಸ್ಸು ಗೊತ್ತುಮಾಡಿದೆ. ಶಿಲ್ಪ, ನಾಣ್ಯ, ಕುಸುರಿಯ ಕೆಲಸಗಳಿಗೆ 100 ವರ್ಷ, ಮಹತ್ವದ ಹಸ್ತಪ್ರತಿಗಳಿಗೆ 75. ಆ ಗಡಿ ದಾಟಿದ ಮೇಲೆ ಅವು ದೇಶದ ಸೊತ್ತಿನಂತೆ. ಮಾರಬಹುದು, ಆದರೆ ದೇಶದಾಚೆಗೆ ಒಯ್ಯುವಂತಿಲ್ಲ. ಕಾನೂನಿಗೆ ಒಂದು ಗೆರೆ ಬೇಕು, ಎಳೆದಿದೆ. ಆದರೆ ವಸ್ತುವಿನ ಬಾಳಿನಲ್ಲಿ ಅಪಾಯದ ಕಾಲ ಆ ಗೆರೆಯ ಈಚೆಗಿದೆ. ಹೊಸದಾಗಿದ್ದಾಗ ಅದನ್ನು ಕೆಲಸ ಕಾಯುತ್ತದೆ. ನೂರು ದಾಟಿದರೆ ಕಾನೂನು ಕಾಯುತ್ತದೆ, ಸಂಗ್ರಹಕಾರನ ಆಸೆ ಕಾಯುತ್ತದೆ. ಇವೆರಡರ ನಡುವೆ ಒಂದು ಅನಾಥ ಪ್ರಾಯ ಬರುತ್ತದೆ. ಬಳಸಲು ತೀರ ಹಳತು, ಉಳಿಸಲು ಇನ್ನೂ ಎಳತು. ಅಟ್ಟವೆಂಬುದು ಆ ಪ್ರಾಯದ ಮನೆ. ಅಲ್ಲಿ ಧೂಳು ಹೊದ್ದು ಮೂವತ್ತು ನಲವತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಕೂತರೆ ಅದು ಬದುಕೀತು. ನಡುವೆ ಯಾರಾದರೂ ಅಚ್ಚುಕಟ್ಟಿನವರು ಮನೆ ಗುಡಿಸಿದರೆ ಮುಗಿಯಿತು. ವಸ್ತುಗಳನ್ನು ಹೆಚ್ಚಾಗಿ ಕಾಪಾಡಿದ್ದು ನಮ್ಮ ಪ್ರೀತಿಯಲ್ಲ, ನಮ್ಮ ಮರೆವು. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು.

ಅಚ್ಚುಕಟ್ಟಿನವರೇ ಏಕೆ, ಗೆದ್ದವರೂ ಮನೆ ಗುಡಿಸುತ್ತಾರೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ ಕೋಟೆಯ ಬಾಗಿಲಲ್ಲೇ ಸತ್ತ. ಮೊದಲ ರಾತ್ರಿಯ ಸೂರೆ ಸೈನಿಕರ ಕೈಯಲ್ಲಿ ನಡೆಯಿತು. ಆಮೇಲಿನದು ಲೆಕ್ಕಪತ್ರದ ಸೂರೆ. ಸೈನ್ಯವೇ ನೇಮಿಸಿದ ಕೊಳ್ಳೆ ಹಂಚಿಕೆಯ ಅಧಿಕಾರಿಗಳು ಅರಮನೆಯ ಸೊತ್ತನ್ನು ಪಟ್ಟಿ ಮಾಡಿ, ಬೆಲೆ ಕಟ್ಟಿ, ಪದವಿಗೆ ತಕ್ಕ ಪಾಲು ಹಾಕಿದರು. ಅಲ್ಲೊಂದು ಸಿಂಹಾಸನವಿತ್ತು. ಮರದ ಮೇಲೆ ಚಿನ್ನದ ತಗಡು ಹೊದಿಸಿ, ದೊಡ್ಡ ಹುಲಿಯೊಂದರ ಮೇಲೆ ಎಂಟು ಮೂಲೆಯ ಪೀಠ ನಿಲ್ಲಿಸಿ, ಕಟಕಟೆಗೆ ರತ್ನ ಕೂರಿಸಿದ ಪುಟ್ಟ ಹುಲಿತಲೆಗಳನ್ನು ಇಟ್ಟು, ಮೇಲಿನ ಛತ್ರಿಯ ತುದಿಯಲ್ಲಿ ಹುಮಾ ಹಕ್ಕಿಯನ್ನು ಕೂರಿಸಿದ್ದ ಸಿಂಹಾಸನ. ಇಡಿಯಾಗಿದ್ದರೆ ಅದನ್ನು ಪಾಲು ಮಾಡುವುದು ಹೇಗೆ? ಒಡೆದರು. ಇಡೀ ಸಿಂಹಾಸನವನ್ನೇ ತಮ್ಮ ದೊರೆಗೆ ಕಳಿಸಬೇಕೆಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಅದು ತುಂಡಾಗಿತ್ತು. ಅವನೂ ಮರುಗಿದ. ಗೆದ್ದವನೂ ಮರುಗುವಂಥ ನಾಶ ಅದು.

ಇಂದು ಆ ದೊಡ್ಡ ಹುಲಿಯ ತಲೆಯೂ ಹುಮಾ ಹಕ್ಕಿಯೂ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿವೆ. ಒಂದು ಹುಲಿತಲೆ ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ಉಳಿದವು ಒಂದೊಂದಾಗಿ ಯಾವುದೋ ಮನೆತನದ ಕಪಾಟಿನಿಂದ ಹೊರಬರುತ್ತವೆ. 2009ರಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಒಂದು ಸುಮಾರು 3.9 ಲಕ್ಷ ಪೌಂಡಿಗೆ ಹೋಯಿತು, ಮರುವರ್ಷ ಇನ್ನೊಂದು ಸುಮಾರು 4.3 ಲಕ್ಷಕ್ಕೆ. ಅದೇ ಸಂಸ್ಥೆ 2023ರ ಮೇ ತಿಂಗಳಲ್ಲಿ ಟಿಪ್ಪುವಿನ ಖಡ್ಗವೊಂದನ್ನು ಹರಾಜಿಗಿಟ್ಟಾಗ ಬೆಲೆ 1.4 ಕೋಟಿ ಪೌಂಡ್ ಮುಟ್ಟಿತು. ಶ್ರೀರಂಗಪಟ್ಟಣದ ಸೆರೆಯಲ್ಲಿ ಹಿಂದೊಮ್ಮೆ ಮೂರು ವರ್ಷಕ್ಕೂ ಮೇಲೆ ಕೊಳೆತು, ಕೊನೆಗೆ ಅದೇ ಕೋಟೆಯ ಮೇಲಿನ ದಾಳಿಗೆ ಮುಂದಾಳಾದ ಡೇವಿಡ್ ಬೇರ್ಡನಿಗೆ ಸೈನ್ಯ ಕೊಟ್ಟ ಕಾಣಿಕೆ ಅದು. ಸೆರೆಯಾಳಿನ ಕೈಗೆ ಸೆರೆಯಲ್ಲಿಟ್ಟವನ ಕತ್ತಿ. ಇತಿಹಾಸ ಕೆಲವೊಮ್ಮೆ ಹೀಗೆ ಲೆಕ್ಕ ತೀರಿಸುತ್ತದೆ, ಆದರೆ ಯಾರ ಮನಸ್ಸಿಗೂ ಸಮಾಧಾನ ಕೊಡುವುದಿಲ್ಲ.

ಈ ಅಂಕಿಗಳನ್ನು ಓದುವಾಗೆಲ್ಲ ನನ್ನನ್ನು ಕಾಡುವುದು ಒಂದೇ ಲೆಕ್ಕ. ಎಲ್ಲ ಹುಲಿತಲೆಗಳನ್ನೂ ಒಂದೆಡೆ ತಂದು, ಎಲ್ಲ ಬೆಲೆಗಳನ್ನೂ ಕೂಡಿಸಿದರೂ ಸಿಂಹಾಸನ ಆಗುವುದಿಲ್ಲ. ಕೂಡಿಸಲು ಬರುವುದು ಬೆಲೆಯನ್ನು ಮಾತ್ರ. ಹರಾಜುಕಟ್ಟೆಗೆ ತುಂಡು ಬರುತ್ತದೆ, ಇಡಿಯದು ಎಂದೂ ಬರುವುದಿಲ್ಲ. ಇಡಿಯಾಗಿರುವುದು ತನ್ನ ಜಾಗದಲ್ಲಿರುತ್ತದೆ, ಜಾಗ ತಪ್ಪಿದ್ದೇ ಮಾರಾಟಕ್ಕೆ ಬರುತ್ತದೆ. ಶ್ರೀರಂಗಪಟ್ಟಣದಲ್ಲಿ ಆ ಅರಮನೆಯಿದ್ದ ನೆಲದ ಮೇಲೆ ನಿಂತಿದ್ದೇನೆ. ರಂಗನಾಥನ ಗುಡಿಯ ಗಂಟೆ ಕೇಳುವಷ್ಟು ಹತ್ತಿರ, ಹುಲ್ಲು, ಅಡಿಪಾಯದ ಒಂದಿಷ್ಟು ಕಲ್ಲು. ಸಿಂಹಾಸನ ಎಲ್ಲಿದ್ದಿರಬಹುದು ಎಂದು ಊಹಿಸಲೂ ಆಸರೆಯಿಲ್ಲ. ವಸ್ತು ಒಂದು ಕಡೆ ಬೆಲೆಯಾಗಿ ಉಳಿಯಿತು, ಜಾಗ ಇನ್ನೊಂದು ಕಡೆ ಬಯಲಾಗಿ ಉಳಿಯಿತು.

ಹರಾಜಿನವರು ಬೆಲೆಗೆ ಆಧಾರವಾಗಿ ಹಿಡಿಯುವುದು ಹೆಚ್ಚಾಗಿ ಕೈಬದಲಾದ ಚರಿತ್ರೆಯನ್ನು. ಇದು ಯಾರ ಕೈಯಲ್ಲಿತ್ತು, ಅವರಿಂದ ಯಾರ ಕೈಗೆ ಬಂತು. ಗಾಂಧೀಜಿಯ ಲೋಹದ ಚೌಕಟ್ಟಿನ ಕನ್ನಡಕ, ಚಪ್ಪಲಿ, ಜೇಬುಗಡಿಯಾರ, ಬಟ್ಟಲು ತಟ್ಟೆಗಳನ್ನು 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಕೂಗಿದಾಗ ಕರ್ನಾಟಕದ ಉದ್ಯಮಿ ವಿಜಯ ಮಲ್ಯ 18 ಲಕ್ಷ ಡಾಲರಿಗೆ ಹಿಡಿದರು. 2020ರಲ್ಲಿ ಗಾಂಧೀಜಿಯದ್ದೇ ಇನ್ನೊಂದು ಕನ್ನಡಕ ಇಂಗ್ಲೆಂಡಿನ ಬ್ರಿಸ್ಟಲ್ ಕಡೆಯ ಹರಾಜು ಸಂಸ್ಥೆಯೊಂದರ ಟಪಾಲು ಪೆಟ್ಟಿಗೆಗೆ ಲಕೋಟೆಯೊಳಗೆ ಬಂದು ಬಿತ್ತು, 2.6 ಲಕ್ಷ ಪೌಂಡಿಗೆ ಮಾರಾಟವಾಯಿತು. ಕನ್ನಡಕವೆಂಬುದು ಎಂಥ ವಸ್ತು! ಒಬ್ಬನ ಕಣ್ಣಿನ ಕೊರತೆಗೆ ಸರಿಯಾಗಿ ಉಜ್ಜಿದ ಗಾಜು. ಇನ್ನೊಬ್ಬನು ಹಾಕಿಕೊಂಡರೆ ಲೋಕ ಮಬ್ಬಾಗುತ್ತದೆ. ಚಪ್ಪಲಿಯೂ ಹಾಗೆಯೇ, ಒಬ್ಬನ ನಡಿಗೆಗೆ ಸವೆದದ್ದು ಇನ್ನೊಬ್ಬನ ಪಾದಕ್ಕೆ ಒಗ್ಗದು. ಒಬ್ಬರಿಗೇ ಸಂದ ವಸ್ತುಗಳಿವು. ಆ ಒಬ್ಬರು ಹೋದ ಮೇಲೆ ಲೋಕದಲ್ಲಿ ಯಾರಿಗೂ ಒದಗದ ವಸ್ತುಗಳು. ಅದಕ್ಕೇ ಇರಬೇಕು ಅವಕ್ಕೆ ಅಷ್ಟು ಬೆಲೆ: ಯಾರೂ ತುಂಬಲಾಗದ ಖಾಲಿಗೆ ಕೊಡುವ ಬೆಲೆ.

ಹೀಗೆ ಯೋಚಿಸುತ್ತಿದ್ದಾಗ ಸೇರು ಮತ್ತೆ ಎದುರು ಬಂದು ನಿಂತಿತು. ಕನ್ನಡಕದ ಧರ್ಮಕ್ಕೆ ಸರಿಯಾಗಿ ತಿರುಗುಮುರುಗಾದದ್ದು ಸೇರಿನ ಧರ್ಮ. ಯಾರ ಕೈಯಲ್ಲಿದ್ದರೂ ಒಂದೇ ಆಗಿರುವುದು ಅದರ ಸತ್ಯ. ಒಡೆಯನ ಕೈಯಲ್ಲಿ ಹಿಗ್ಗಿ ಆಳಿನ ಕೈಯಲ್ಲಿ ಕುಗ್ಗಿದರೆ ಅದು ಸೇರಲ್ಲ. ಸರ್ಕಾರದ ಮುದ್ರೆ ಒತ್ತುತ್ತಿದ್ದುದೂ ಅದಕ್ಕೇ: ಇದು ಯಾರದ್ದು ಎಂಬುದು ಲೆಕ್ಕಕ್ಕಿಲ್ಲ ಎಂದು ಸಾರಲು. ಅಜ್ಜನ ಹೆಸರು ಅದರ ಮೇಲಿದ್ದದ್ದು ಮದುವೆ ಮುಂಜಿಗಳಲ್ಲಿ ಬೇರೆಯವರ ಪಾತ್ರೆಗಳ ಜೊತೆ ಬೆರೆಯದಿರಲಿ ಎಂದಷ್ಟೆ. ಅಂದರೆ ಅದು ಪದೇ ಪದೇ ಬೇರೆಯವರ ಮನೆಗೆ ಹೋಗಿಬರುತ್ತಿತ್ತು ಎಂಬುದಕ್ಕೆ ಆ ಹೆಸರೇ ಸಾಕ್ಷಿ. ಲೋಕದ ಹರಾಜುಕಟ್ಟೆಗಳು ಒಬ್ಬರಿಗೆ ಸಂದದ್ದನ್ನು ಕಾಯುತ್ತವೆ. ಎಲ್ಲರಿಗೂ ಸಂದದ್ದನ್ನು ಕಾಯುವವರು ಯಾರು? ಖಡ್ಗಕ್ಕೆ ಚರಿತ್ರೆಯುಂಟು, ಸೇರಿಗೆ ರೂಢಿ ಮಾತ್ರ. ಚರಿತ್ರೆಯನ್ನು ಬರೆದಿಡಬಹುದು. ರೂಢಿಯನ್ನು ನಡೆಸಿಕೊಂಡು ಬರಬೇಕಷ್ಟೆ, ನಡೆಯುವುದು ನಿಂತ ದಿನ ಅದು ಇಲ್ಲ.

ಹಣವೆಂಬ ಮಾತನ್ನೇ ನೋಡಿ. ಮೈಸೂರಿನ ಕಂಠೀರವ ನರಸರಾಜ ಒಡೆಯರು 17ನೆಯ ಶತಮಾನದಲ್ಲಿ ಹೊಡೆಸಿದ ಪುಟ್ಟ ಚಿನ್ನದ ನಾಣ್ಯಕ್ಕೆ ಹಣ ಎಂದೇ ಹೆಸರು. ಉಗುರಿನ ಮೇಲೆ ಕೂರುವಷ್ಟು ಸಣ್ಣದು, ಅಂಥ ಹತ್ತು ಕೂಡಿದರೆ ಒಂದು ವರಾಹದ ಲೆಕ್ಕ. ಅದರಿಂದ ಭತ್ತ ಕೊಂಡರು, ಕಂದಾಯ ಕಟ್ಟಿದರು, ಕಾಣಿಕೆ ಹಾಕಿದರು. ಇಂದು ಅದರಿಂದ ಏನನ್ನೂ ಕೊಳ್ಳಲಾಗದು, ಅದನ್ನೇ ಕೊಳ್ಳಬಹುದು. ಬೆಲೆ ಕಟ್ಟುತ್ತಿದ್ದದ್ದಕ್ಕೆ ಬೆಲೆ, ಅಳೆಯುತ್ತಿದ್ದದ್ದಕ್ಕೆ ತೂಕ. ಕಾಲ ತನ್ನ ಸರದಿ ಬಂದಾಗ ನಮ್ಮ ಅಳತೆಗೋಲುಗಳನ್ನೂ ಅಳೆಯುತ್ತದೆ. ನಾವು ಇಂದು ಯಾವುದರಿಂದ ಎಲ್ಲವನ್ನೂ ಅಳೆಯುತ್ತಿದ್ದೇವೋ ಅದು ನಾಳೆ ಯಾರ ಕಪ್ಪು ಬಟ್ಟೆಯ ಮೇಲೆ ಕೂತೀತು?

ಹಾಗೆಂದು ಹರಾಜೆಲ್ಲ ಒಂದೇ ಬಗೆಯದಲ್ಲ. ಇದಕ್ಕೆ ನಮ್ಮಲ್ಲಿ ಹೆಸರುಗಳೂ ಹಲವು. ಬಡಗಣದವರು ಲಿಲಾವು ಎಂದರು, ಕರಾವಳಿಯವರು ಏಲಂ ಎಂದರು, ಹಳ್ಳಿಯ ಗುಡಿಯ ಮುಂದೆ ಅದು ಸವಾಲು. ಜಾತ್ರೆ ಮುಗಿದ ಮೇಲೆ ದೇವರಿಗೆ ಏರಿಸಿದ ಹಾರ, ದೇವಿಗೆ ಉಡಿಸಿದ ಸೀರೆ, ನೈವೇದ್ಯದ ಬಾಳೆಗೊನೆ ಇವನ್ನು ಸವಾಲಿಗಿಡುವುದನ್ನು ನೋಡಿದ್ದೇನೆ. ಒಂದು ತೆಂಗಿನಕಾಯಿಗೆ ಸಾವಿರಗಟ್ಟಲೆ ಕೂಗಿ ಹಿಡಿದ ರೈತ ಅದನ್ನು ಅಲ್ಲೇ ಒಡೆದು ಸುತ್ತ ನಿಂತವರಿಗೆಲ್ಲ ಚೂರು ಹಂಚಿದ. ಕೊಂಡದ್ದು ಅರ್ಧ ಗಳಿಗೆಯಲ್ಲಿ ಇಲ್ಲವಾಯಿತು, ಅವನ ಮುಖದಲ್ಲಿ ಕಳೆದುಕೊಂಡ ಕಳೆಯೇ ಇರಲಿಲ್ಲ. ಬೇಗ ಕೆಡುವ ವಸ್ತುವಿಗೆ ಅಷ್ಟು ಕೊಟ್ಟವನು ಕೆಡದ ವಸ್ತುವಿಗೆ ಕೋಟಿ ಕೊಟ್ಟವನಿಗಿಂತ ತಿಳಿದವನೋ ಅಲ್ಲವೋ, ನಾನು ತೀರ್ಮಾನಿಸಲಾರೆ. ಆದರೆ ಅವನಿಗೆ ಬೀಗ ಕೊಳ್ಳುವ ಅಗತ್ಯ ಬೀಳಲಿಲ್ಲ.

ಸಂಗ್ರಹಿಸುವವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಸುತ್ತಾಡಿದ ಯಾರೂ ಹಾಗೆ ಹಳಿಯಲಾರರು. ಬ್ಯಾಂಕಿನ ಉದ್ಯೋಗದಲ್ಲಿದ್ದ ವಿಜಯನಾಥ ಶೆಣೈಯವರು ಕೆಡವಲು ನಿಂತ ಹಳೆಯ ಮನೆಗಳನ್ನು ಹುಡುಕಿಕೊಂಡು ಹೋಗಿ, ತೊಲೆ ತೊಲೆಯಾಗಿ ಬಿಚ್ಚಿಸಿ, ತಂದು ಮತ್ತೆ ಎತ್ತಿ ನಿಲ್ಲಿಸಿದರು. ಮಿಯಾರಿನ ಮನೆ, ಕುಕನೂರಿನ ಕಮಲ ಮಹಲು ಅಲ್ಲಿ ಈಗಲೂ ನಿಂತಿವೆ. ಶ್ರೀರಂಗಪಟ್ಟಣವನ್ನು ಗೆದ್ದವರು ಹಂಚಲು ಒಡೆದರು, ಶೆಣೈಯವರು ಕೂಡಿಸಲು ಬಿಚ್ಚಿದರು. ಎರಡರಲ್ಲೂ ಕೀಲು ಕಳಚುವ ಸದ್ದು ಒಂದೇ, ಮಾಡಿದ ಕೆಲಸ ಬೇರೆ. ಆದರೂ ಆ ಅಂಗಳವೊಂದರಲ್ಲಿ ನಿಂತಾಗ ನನ್ನ ಮೂಗು ತಾನಾಗಿ ಹೊಗೆಯನ್ನು ಹುಡುಕಿತು. ಒಲೆ ಇತ್ತು, ಬೂದಿ ಇರಲಿಲ್ಲ. ಅಷ್ಟನ್ನು ಉಳಿಸುವುದು ಯಾರ ಕೈಯಲ್ಲೂ ಇಲ್ಲ, ಆ ಹಿರಿಯರ ಕೈಯಲ್ಲೂ ಇರಲಿಲ್ಲ. ಉಳಿಸಿದ್ದು ಎಷ್ಟು ದೊಡ್ಡದೆಂದು ತಿಳಿದಿದ್ದರಿಂದಲೇ ಉಳಿಯದ್ದರ ಆಕಾರವೂ ಅಲ್ಲಿ ಕಣ್ಣಿಗೆ ಕಟ್ಟಿತು.

ಹೋದ ಮಾಘದಲ್ಲಿ ಅಣ್ಣನ ಮಗನ ಮದುವೆಯಾಯಿತು. ಬೆಂಗಳೂರಿನ ಬಾಡಿಗೆ ಮನೆಯ ಮೂರನೆಯ ಮಹಡಿಯಲ್ಲಿ ಸೊಸೆಯನ್ನು ಒಳಗೆ ಕರೆದುಕೊಳ್ಳುವ ಹೊತ್ತು. ಸೇರು ಎಲ್ಲಿ ಎಂದು ಯಾರೋ ಕೇಳಿದರು. ಒಡಹುಟ್ಟಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಲಾರದೆ ನಿಂತೆವು. ಕೆಳಗಿನ ಮನೆಯ ಮುದುಕಿಯೊಬ್ಬರು, ನಮಗೆ ಗುರುತಿಲ್ಲದವರು, ತಮ್ಮದನ್ನು ಕಳಿಸಿಕೊಟ್ಟರು. ಚಿಕ್ಕದು, ಒಂದು ಕಡೆ ನೆಗ್ಗಿದ್ದು, ಹೆಸರಿನ ಚುಕ್ಕೆಗಳು ಸವೆದು ಓದಲಾಗದಂತಿದ್ದವು. ಹುಡುಗಿ ಬಲಗಾಲು ತಾಗಿಸಿದಳು. ಅದು ಸರಿಯಾಗಿ ಒಳಕ್ಕೆ ಉರುಳಿತು. ನಯವಾದ ಟೈಲ್ಸಿನ ಮೇಲೆ ಅಕ್ಕಿ ನಮ್ಮ ಹಳೆಯ ಗಾರೆಯ ನೆಲದಲ್ಲಿ ಎಂದೂ ಹರಡದಷ್ಟು ದೂರ ಹರಡಿತು, ಸೋಫಾದ ಅಡಿಯವರೆಗೂ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ಸೋದರತ್ತೆ ಒಬ್ಬಳೇ ನೆಲದ ಮೇಲೆ ಕೂತು ಅಕ್ಕಿಯನ್ನು ಬಳಿಯತೊಡಗಿದಳು. ಎಂಬತ್ತು ದಾಟಿದ ಕೈ, ನಿಧಾನ. ಸೇರನ್ನು ನೆಟ್ಟಗೆ ನಿಲ್ಲಿಸಿ ಮೊದಲ ಬೊಗಸೆ ಹಾಕುವಾಗ ಅವಳ ತುಟಿ ಅಲುಗಿದ್ದನ್ನು ಕಂಡೆ. ಲಾಭ, ಎಂದಳು. ಎರಡನೆಯ ಬೊಗಸೆ ಸೋಫಾದ ಅಡಿಯಲ್ಲಿತ್ತು. ಅವಳಿಗೆ ಎಟುಕುವಂತಿರಲಿಲ್ಲ. ನಾನು ಮಂಡಿಯೂರಿ ಕೈ ಚಾಚಿದೆ.